ಗಾಡಿಯ ನೂಡಲ್ಸ್ ಮತ್ತು ಬ್ಯಾಡಗಿಯ ಕೆಂಪು

ಕಳೆದ ವರ್ಷದ ಸ್ನೇಹಸಮ್ಮೇಲನಕ್ಕೆ ಅತಿಥಿಗಳಾಗಿ ಬಂದ ಹಿರಿಯರೊಬ್ಬರು ತಮ್ಮ ಭಾಷಣದ ನಡುವೆ, ಇಂದಿನ ತರುಣರು ರೊಟ್ಟಿ ಖಾರವನ್ನು ಮರೆತು ಚೀನಿಯರ ನೂಡಲ್ಸಿಗೆ ಮರುಳಾಗಿದ್ದಾರೆಂದೂ, ನಾಲಿಗೆಯನ್ನು ಪರದೇಶಕ್ಕೆ ಒಪ್ಪಿಸಿದವರಿಂದ ನಾಡಿಗೇನು ಪ್ರಯೋಜನವೆಂದೂ ಬಹಳ ಆವೇಶದಿಂದ ಕೇಳಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸಭೆ ಮುಗಿದು ಅರ್ಧ ತಾಸು ಕಳೆಯುವದರೊಳಗೆ ಚಪ್ಪಾಳೆ ತಟ್ಟಿದ ಕೈಗಳೇ ಗೇಟಿನ ಹೊರಗಿನ ಗಾಡಿಯ ಮುಂದೆ ಪ್ಲೇಟಿಗಾಗಿ ಚಾಚಿದ್ದವು. ಅವುಗಳಲ್ಲಿ ನನ್ನ ಕೈಯೂ ಒಂದೆಂಬದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ವಾಚಕರು ನನ್ನನ್ನು ಆ ಗಾಡಿಯ ವಕೀಲನೆಂದು ತಿಳಿದರೆ ಅಡ್ಡಿಯಿಲ್ಲ. ಆದರೆ ನನ್ನ ಕಕ್ಷಿದಾರನ ಮೇಲೆಯೇ ನನ್ನದೊಂದು ದೂರೂ ಇದೆ.

ಮೊದಲು ಪರದೇಶದ ಮಾತು. ಬೇಸಿಗೆ ಬಂತೆಂದರೆ ನಮ್ಮ ಓಣಿಯಲ್ಲಿ ಈಗಲೂ ನಾಲ್ಕಾರು ಮನೆಗಳಲ್ಲಿ ಗೋದಿಹಿಟ್ಟು ನಾದಿ ಶಾವಿಗೆ ಮಾಡಿ, ಕೋಲಿನ ಮೇಲೆ ಹರವಿ ಒಣಗಿಸುತ್ತಾರೆ. ಮಣೆ ಹೋಗಿ ಯಂತ್ರ ಬಂದಿದೆ, ಅಷ್ಟೇ. ಹಿಟ್ಟನ್ನು ಎಳೆಯಾಗಿ ಮಾಡಿ ಬೇಯಿಸಿ ತಿನ್ನುವದು ನಮಗೆ ಹೊಸದಲ್ಲ. ನಮ್ಮ ಶಾವಿಗೆ ಹಾಲು ಬೆಲ್ಲದ ಕಡೆ ಹೋಯಿತು, ಅವರದು ಉಪ್ಪು ಖಾರದ ಕಡೆ ಹೋಯಿತು. ನೂಡಲ್ಸಿನ ಜೊತೆಗಾರನಾದ ಗೋಬಿ ಮಂಚೂರಿಯಲ್ಲಂತೂ ಹೆಸರು ಮಾತ್ರ ಚೀನದ್ದು. 'ಮಂಚೂರಿಯನ್' ಎಂಬ ಅಡಿಗೆಯನ್ನು 1975ರಲ್ಲಿ ಮುಂಬಯಿಯಲ್ಲಿ ಮೊದಲು ಮಾಡಿದವರೆಂದು ಹೆಸರಾದವರು ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್. ಅವರು ಮಾಡಿದ್ದು ಕೋಳಿಯಿಂದ; ಹೂಕೋಸು ಬಂದದ್ದು ಆಮೇಲೆ. ಅಷ್ಟೇಕೆ, ಅತಿಥಿಗಳು ರೊಟ್ಟಿಯ ಜೊತೆಗೆ ಹೊಗಳಿದ ಕೆಂಪು ಖಾರ ಎಲ್ಲಿಯದು? ಮೆಣಸಿನಕಾಯಿ ಅಮೇರಿಕಾ ಖಂಡದ ಬೆಳೆ. ಪೋರ್ತುಗೀಜರು ಹಡಗಿನಲ್ಲಿ ತಂದು ನಮ್ಮ ದಂಡೆಗೆ ಇಳಿಸಿದ್ದು. ಆ ಪರದೇಶಿಯನ್ನು ಮನೆಮಗನನ್ನಾಗಿ ಮಾಡಿಕೊಂಡು, 2011ರಲ್ಲಿ ಅದಕ್ಕೆ ಬ್ಯಾಡಗಿ ಮೆಣಸಿನಕಾಯಿ ಎಂಬ ಭೌಗೋಳಿಕ ಗುರುತನ್ನೂ ಪಡೆದೆವು. ಆಗ ಯಾರೂ ನಾಲಿಗೆ ಮಾರಿಹೋಯಿತೆಂದು ಅಳಲಿಲ್ಲ.

ನೂಡಲ್ಸು ಹೋದ ಊರಿನ ಗುಣವನ್ನು ತಾಳುವ ಪದಾರ್ಥ. ಕೂಲಿಗಾಗಿ ಮಲೇಶಿಯಕ್ಕೆ ವಲಸೆ ಹೋದ ಚೀನಿಯರು ಅದನ್ನು ಜೊತೆಗೆ ಒಯ್ದರು. ಪೆನಾಂಗಿನ ಬೀದಿಯಲ್ಲಿ ಅಕ್ಕಿಯ ಅಗಲವಾದ ಎಳೆಗಳನ್ನು ಹಂದಿಯ ಕೊಬ್ಬಿನಲ್ಲಿ ಹುರಿದು, ಸೀಗಡಿ ಸೇರಿಸಿ, 'ಚಾರ್ ಕ್ವೇ ತಿಯೋ' ಎಂದು ಮಾರಿದರು. ಅದು ದುಡಿಯುವವರ ಅಗ್ಗದ ಊಟವಾಗಿತ್ತು. ಕ್ವಾಲಾಲಂಪುರದಲ್ಲಿ ದಪ್ಪ ಎಳೆಗಳನ್ನು ಸೋಯಾದ ಕಪ್ಪು ರಸದಲ್ಲಿ ಬೇಯಿಸಿ ಮೇಲೆ ಹಂದಿಕೊಬ್ಬಿನ ಕರಿದ ಚೂರು ಉದುರಿಸುತ್ತಾರೆ. ಅದೇ ದೇಶಕ್ಕೆ ಹೋದ ತಮಿಳು ಮುಸಲ್ಮಾನರು ಹಂದಿಯನ್ನು ಕೈಬಿಟ್ಟು, ಮೆಣಸಿನಕಾಯಿ, ಆಲೂಗಡ್ಡೆ ಹಾಕಿ ಅದನ್ನೇ ತಮ್ಮ 'ಮೀ ಗೊರೆಂಗ್' ಮಾಡಿಕೊಂಡರು. ಯಾರೂ ಯಾರ ಒಲೆಯನ್ನೂ ಆರಿಸಲಿಲ್ಲ; ತಮಗೆ ಬೇಕಾದ ಹಾಗೆ ಹುರಿದುಕೊಂಡರು.

ಈ ಮಾತಿನಿಂದಲೇ ನಾನು ಗಾಡಿಯ ಪರವಾಗಿ ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಕಡೆಯ ಊರುಗಳಲ್ಲಿ ಉಣ್ಣುವ ಮನೆಗಳ ಫಲಕಗಳನ್ನು ಓದಿರಿ. ಒಂದು ಲಿಂಗಾಯತ ಖಾನಾವಳಿ, ಒಂದು ಸಾವಜಿ ಖಾನಾವಳಿ, ಇನ್ನೊಂದು ಅಪ್ಪಟ ಶಾಕಾಹಾರಿ. ಅವುಗಳ ಜೋಳದ ರೊಟ್ಟಿಯನ್ನೂ ಎಣಗಾಯಿಯನ್ನೂ ದೂರುವಷ್ಟು ಕೃತಘ್ನನು ನಾನಲ್ಲ. ಆದರೆ ನೂಡಲ್ಸಿನ ಗಾಡಿಗೆ ಅಂಥ ಫಲಕವಿಲ್ಲ. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಹಬ್ಬಕ್ಕೆ ಹಂದಿಮಾಂಸ ಮಾಡುತ್ತಾರೆ. ಪೆನಾಂಗಿನಲ್ಲಿ ದೀಪದ ಬೆಳಕಿನಲ್ಲಿ ಮಾರುವ ಆ ತಿನಿಸಿನ ಹೆಸರನ್ನು ನನ್ನ ಮುಂದೆ ಹೇಳುವದಕ್ಕೆ ಅವನಿಗೆ ಎರಡು ವರ್ಷ ಬೇಕಾಯಿತು. ಮೂರು ವರ್ಷಗಳಲ್ಲಿ ಅವನು ಒಂದು ದಿನವೂ ಬುತ್ತಿಯನ್ನು ಕಾಲೇಜಿಗೆ ತಂದಿಲ್ಲ. ತಂದಿದ್ದರೆ ಅದರಲ್ಲಿ ಇರುತ್ತಿದ್ದುದು ಬಹುಶಃ ರೊಟ್ಟಿ ಚಟ್ನಿಯೇ. ಅವನು ನಮ್ಮ ಮನೆಗೆ ಬಂದು ನೀರು ಕುಡಿದಾಗ ನಮ್ಮಜ್ಜಿ ಆ ಚರಿಗೆಯನ್ನು ಏನು ಮಾಡಿದಳೆಂಬದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅದೇ ನಾವಿಬ್ಬರೂ ಗಾಡಿಯ ಮುಂದೆ ಒಂದೇ ಪ್ಲೇಟು ತೆಗೆದುಕೊಂಡು ಎರಡು ಚಮಚ ಹಾಕಿ ತಿನ್ನುತ್ತೇವೆ. ನಲವತ್ತು ರೂಪಾಯಿಗೆ ಇದಕ್ಕಿಂತ ದೊಡ್ಡದನ್ನು ಕೊಡುವ ಅಂಗಡಿ ನನಗೆ ಹಾವೇರಿಯಲ್ಲಿ ಕಂಡಿಲ್ಲ.

ಇನ್ನು ದೂರು.

ನಮ್ಮ ಊರು ಬ್ಯಾಡಗಿ. ಹಾವೇರಿಗೆ ದಿನಾಲು ಬಸ್ಸಿನಲ್ಲಿ ಬಂದು ಹೋಗುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲಿನ ಖರ್ಚು ಬಂದದ್ದು ಮೆಣಸಿನಕಾಯಿಯಿಂದ. ನಮ್ಮವ್ವ ಸುಗ್ಗಿಯ ದಿನಗಳಲ್ಲಿ ಕಾಯಿಯ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬ್ಯಾಡಗಿಯ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ಆದರೂ ದಿನವಿಡೀ ಬಿಡಿಸಿದವರ ಬೆರಳಿಗೆ ಉರಿ ತಪ್ಪುವದಿಲ್ಲ. ನಾನು ಚಿಕ್ಕವನಿದ್ದಾಗ ಅವಳು ಸಂಜೆ ಮನೆಗೆ ಬಂದರೆ ಕೈಗೆ ಎಣ್ಣೆ ತಿಕ್ಕಿ ತೊಳೆದುಕೊಳ್ಳುವವರೆಗೆ ನನ್ನ ಮುಖ ಮುಟ್ಟುತ್ತಿರಲಿಲ್ಲ.

ಅವಳಿಗೂ ರುಚಿ ತೋರಿಸೋಣವೆಂದು ಒಂದು ದಿನ ಗೋಬಿ ನೂಡಲ್ಸನ್ನು ಪಾರ್ಸಲ್ ಕಟ್ಟಿಸಿಕೊಂಡು ಹೋದೆ. ಅವಳು ಪೊಟ್ಟಣ ಬಿಚ್ಚಿ ಆ ಕೆಂಪನ್ನು ಬಹಳ ಹೊತ್ತು ನೋಡಿದಳು.

"ಇದು ಕಾಯಿ ಬಣ್ಣ ಅಲ್ಲೋ ತಮ್ಮಾ."

"ನಿನಗೆಂಗ ಗೊತ್ತಾತಬೇ?"

ಅವಳು ಮಾತಾಡಲಿಲ್ಲ. ಒಂದು ಲೋಟದಲ್ಲಿ ನೀರು ತಂದು ಒಂದು ತುಂಡು ಗೋಬಿಯನ್ನು ಅದರಲ್ಲಿ ಹಾಕಿದಳು. ಕ್ಷಣದಲ್ಲಿ ನೀರು ಶರಬತ್ತಿನಂತಾಯಿತು. ಇನ್ನೊಂದು ಲೋಟದಲ್ಲಿ ಮನೆಯ ಖಾರದ ಪುಡಿ ಉದುರಿಸಿದಳು. ಪುಡಿ ಕೆಲಹೊತ್ತು ತೇಲಿ ತಳಕ್ಕೆ ಇಳಿಯಿತು. ನೀರಿಗೆ ಹೇಳಿಕೊಳ್ಳುವಂಥ ಬಣ್ಣವೇ ಬರಲಿಲ್ಲ.

"ಕಾಯಿ ಬಣ್ಣ ಎಣ್ಣಿಗೆ ಬಿಡತೈತಿ, ನೀರಿಗೆ ಬಿಡಂಗಿಲ್ಲ" ಎಂದಳು.

ನಾನು ಕಲಾ ವಿಭಾಗದವನು. ರಸಾಯನಶಾಸ್ತ್ರ ಓದುವ ಗೆಳೆಯನನ್ನು ಮಾರನೆಯ ದಿನ ಕೇಳಿದರೆ ಅವನೂ ಅದನ್ನೇ ಹೇಳಿದ, ಸ್ವಲ್ಪ ಉದ್ದವಾಗಿ. ಎಣ್ಣೆಯಲ್ಲಿ ಕರಗುವ ಆ ಬಣ್ಣವನ್ನೇ ಕಾರ್ಖಾನೆಗಳಲ್ಲಿ ಓಲಿಯೊರೆಸಿನ್ ಎಂಬ ಸತ್ವವಾಗಿ ತೆಗೆದು ಹೊರದೇಶಗಳಿಗೂ ಕಳಿಸುತ್ತಾರೆ. ತಿನಿಸುಗಳಿಗಷ್ಟೇ ಅಲ್ಲ, ತುಟಿಬಣ್ಣಕ್ಕೂ ಉಗುರುಬಣ್ಣಕ್ಕೂ ಅದು ಬೇಕು. ಯಾವಳೋ ಪರದೇಶದ ಹೆಣ್ಣುಮಗಳ ತುಟಿಗೆ ಬ್ಯಾಡಗಿಯ ಕೆಂಪು, ಬ್ಯಾಡಗಿಯ ಹುಡುಗನ ಹೊಟ್ಟೆಗೆ ಡಬ್ಬಿಯ ಕೆಂಪು! ನಮ್ಮ ನಾಲಿಗೆಯ ವಿಷಯದಲ್ಲಿ ಅತಿಥಿಗಳು ಅಳಬೇಕಾಗಿದ್ದುದು ಇದಕ್ಕೆ.

2024ರ ಮಾರ್ಚ 11ನೆಯ ದಿನಾಂಕ ಸೋಮವಾರ. ಆಗ ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ. ಅಂದು ರಾಜ್ಯ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕಬಾರದೆಂದು ನಿಷೇಧ ಹೊರಡಿಸಿತು. ಪರೀಕ್ಷೆಗೆ ಒಯ್ದ 171 ಮಾದರಿಗಳಲ್ಲಿ 107ರಲ್ಲಿ ಅಪಾಯಕರ ಬಣ್ಣ ಸಿಕ್ಕಿತ್ತು. ಅದೇ ದಿನ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕಾಯಿಯ ದರ ಕುಸಿದುದಕ್ಕೆ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿಯಿಟ್ಟರು. ಅವ್ವ ಕೆಲಸವಿಲ್ಲದೆ ಮಧ್ಯಾಹ್ನವೇ ಮನೆಗೆ ಬಂದಳು. ಮರುದಿನದ ಪತ್ರಿಕೆಯಲ್ಲಿ ಎರಡೂ ಸುದ್ದಿಗಳನ್ನು ಓದಿದೆ. ಒಂದಕ್ಕೊಂದು ಸಂಬಂಧವಿದೆಯೆಂದು ನನಗೂ ಆಗ ಹೊಳೆಯಲಿಲ್ಲ. ಗಾಡಿಗಳೆಲ್ಲ ನಾಳೆಯಿಂದ ಬ್ಯಾಡಗಿ ಪುಡಿ ಹಾಕಿದರೆ ಮಾರುಕಟ್ಟೆಯ ದರ ಏರುವದೆಂದು ಹೇಳುವಷ್ಟು ಹುಚ್ಚ ನಾನಲ್ಲ. ಲಕ್ಷಗಟ್ಟಲೆ ಚೀಲಗಳ ಮುಂದೆ ಗಾಡಿಗಳ ಪುಡಿ ಎಷ್ಟರದು? ಆದರೆ ಒಂದು ಊರು ತನ್ನ ಕೆಂಪನ್ನು ತಾನೇ ಗುರುತಿಸದಿದ್ದರೆ ಬೇರೆಯವರಿಗೆ ಅದರ ಬೆಲೆ ಹೇಳುವ ಬಾಯಿ ಎಲ್ಲಿಂದ ಬಂದೀತು?

ಅವ್ವನ ಲೋಟದ ಪರೀಕ್ಷೆಯನ್ನು ನಾನು ಈ ವರ್ಷ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಐದು ಗಾಡಿಗಳ ತಿನಿಸಿನ ಮೇಲೆ ಮಾಡಿದೆ. ನಿಷೇಧ ಬಂದು ಇಷ್ಟು ದಿನವಾದರೂ ನಾಲ್ಕು ಲೋಟಗಳು ಕೆಂಪಾದವು. ರಾಣೇಬೆನ್ನೂರಿನ ಒಂದೇ ಒಂದು ಗಾಡಿಯ ಗೋಬಿ ನೀರಿಗೆ ಬಣ್ಣ ಬಿಡಲಿಲ್ಲ. ನೋಡಲು ಅದು ಕಂದು, ಮಿರ್ಚಿ ಭಜಿಯ ತಮ್ಮನ ಹಾಗೆ. ಅದರ ಮುಂದೆ ಗಿರಾಕಿಗಳೂ ಇಬ್ಬರೇ ಇದ್ದರು, ನಾನು ಸೇರಿ.

ನಮ್ಮ ಗೇಟಿನ ಮುಂದಿನ ಗಾಡಿಯವರಿಗೆ ಇದನ್ನೆಲ್ಲ ಹೇಳಿದೆ. ಬೈಯುವರೆಂದು ಅಂಜಿದ್ದೆ; ಅವರು ಬಾಣಲೆ ತಿರುವುತ್ತಲೇ ಹೇಳಿದರು: "ನನಗ ಗೊತ್ತಿಲ್ಲೇನು ತಮ್ಮಾ? ಕಾಯಿಪುಡಿ ಹಿಟ್ಟಿಗೆ ಹಾಕಿದ್ರ ಕರದಾಗ ಕರ್ರಗಾಗತೈತಿ. ಅದರ ರೊಕ್ಕಾನೂ ಹೆಚ್ಚು. ಹ್ವಾದ ತಿಂಗಳ ಎಂಟು ದಿನ ಬಣ್ಣ ಬಿಟ್ಟಿದ್ದೆ. ನಿಮ್ಮ ಕಾಲೇಜಿನ ಹುಡುಗ್ರ, ಕಾಕಾ ಇದು ನಿನ್ನೀದು ಅಂತ ಪ್ಲೇಟ್ ವಾಪಸ್ ಕೊಟ್ರು."

ಆ ಹುಡುಗರಲ್ಲಿ ನಾನಿರಲಿಲ್ಲವೆಂದು ಎದೆ ತಟ್ಟಿ ಹೇಳಲಾರೆ. 'ಇನ್ನಷ್ಟು ಕೆಂಪಗೆ ಮಾಡ್ರಿ' ಎಂದು ನಾನೇ ಎಷ್ಟು ಸಲ ಕೂಗಿದ್ದೇನೆ!

ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಅವಳು ನಕ್ಕು, ಪುಡಿಯನ್ನು ಹಿಟ್ಟಿಗೆ ಯಾರು ಹಾಕಲು ಹೇಳಿದರು, ಕಡೆಗೆ ಬೆಳ್ಳುಳ್ಳಿಯ ಬಿಸಿ ಎಣ್ಣೆಯನ್ನು ಒಲೆಯಿಂದ ಇಳಿಸಿ ಅದರಲ್ಲಿ ಹಾಕಲಿ, ಬಣ್ಣ ತಾನೇ ಬಿಡುತ್ತದೆ ಎಂದಳು. ಗಾಡಿಯವರು ಒಂದು ದಿನ ಮಾಡಿ ನೋಡಲು ಒಪ್ಪಿದ್ದಾರೆ. ಪ್ಲೇಟಿಗೆ ಹತ್ತು ರೂಪಾಯಿ ಹೆಚ್ಚು ಬೀಳುವದು. ನಮ್ಮ ತರಗತಿಯ ಹನ್ನೊಂದು ಜನ ಕೊಡುತ್ತೇವೆಂದು ಮಾತು ಕೊಟ್ಟಿದ್ದಾರೆ, ನನ್ನ ಗೆಳೆಯನು ಅವರಲ್ಲಿ ಮೊದಲಿಗ. ಬರುವ ಗುರುವಾರ, ನಾಲ್ಕು ಗಂಟೆಗೆ. ಪುಡಿ ನಮ್ಮ ಮನೆಯದು. ಗುರುವರ್ಯರೂ ದಯಮಾಡಿಸಬೇಕು, ಲೋಟದಲ್ಲಿ ನೀರು ಇಟ್ಟಿರುತ್ತೇವೆ.