ಗಿರಿದಾರಿಯ ಜೀಪು ಜಾತ್ರೆಗೆ ಕಡಿವಾಣ ಬೀಳಲಿ

ಸಾಲು ರಜೆ ಬಂತೆಂದರೆ ಕೊಡಚಾದ್ರಿ, ಮಾಂದಲ್‌ಪಟ್ಟಿಗಳ ಮಣ್ಣುದಾರಿಯಲ್ಲಿ ಜೀಪುಗಳ ಸಾಲು ಕರಗುವುದೇ ಇಲ್ಲ. ಇದನ್ನು ಪ್ರವಾಸೋದ್ಯಮದ ಯಶಸ್ಸು ಎಂದು ಬೀಗುವುದನ್ನು ಆಡಳಿತ ನಿಲ್ಲಿಸಬೇಕು. ದಾರಿ ಎಷ್ಟು ವಾಹನ ತಾಳೀತು ಎಂದು ನೋಡದೆ ಜನರನ್ನು ಬೆಟ್ಟ ಹತ್ತಿಸುವುದು ಶುದ್ಧ ಬೇಜವಾಬ್ದಾರಿತನ. ನಾಳೆ ಅಲ್ಲಿ ಗಾಡಿ ಉರುಳಿದರೆ ಅದನ್ನು ಆಕಸ್ಮಿಕ ಎಂದು ಷರಾ ಬರೆಯುವ ಹಕ್ಕು ಯಾವ ಅಧಿಕಾರಿಗೂ ಇರುವುದಿಲ್ಲ.

1,343 ಮೀಟರ್ ಎತ್ತರದ ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದೊಳಗೆ. ಮೇಲೇರುವ ದಾರಿಯ ತುಂಬ ಕಲ್ಲು, ಕೊರಕಲು, ಕಡಿದಾದ ತಿರುವು. ಜೀಪಿನ ಹಿಂಭಾಗದಲ್ಲಿ ಎದುರುಬದುರು ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರಿಗೆ ಸೀಟ್‌ಬೆಲ್ಟ್ ಇಲ್ಲ, ಹಿಡಿದುಕೊಳ್ಳಲು ತಲೆಯ ಮೇಲಿನ ಕಂಬಿಯೊಂದೇ ಗತಿ. ಇಂಥ ಏರಿನ ಕಟ್ಟಳೆ ಪಳಗಿದ ಚಾಲಕರಿಗೆಲ್ಲ ಗೊತ್ತು. ಮುಂದಿನ ಗಾಡಿ ಏರು ದಾಟುವ ತನಕ ಹಿಂದಿನದು ಕದಲಬಾರದು. ಇಳಿಯುವಾಗ ಗೇರ್ ತೆಗೆಯಬಾರದು. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಈ ಕೊನೆಯ ಮಾತನ್ನು ಮೋಟಾರು ವಾಹನ ಚಾಲನಾ ನಿಯಮಗಳೇ ಹೇಳುತ್ತವೆ.

ದಟ್ಟಣೆಯಲ್ಲಿ ಈ ಕಟ್ಟಳೆಗಳೆಲ್ಲ ಮಣ್ಣುಪಾಲಾಗುತ್ತವೆ. ಸಾಲಿನ ನಡುವಿನ ಒಂದು ಜೀಪು ಏರಿನಲ್ಲಿ ಆಫ್ ಆಗಿ ಹಿಂದಕ್ಕೆ ಜಾರಿದರೆ ಅದರ ಬೆನ್ನಿಗೆ ನಿಂತ ಗಾಡಿ ಎಲ್ಲಿಗೆ ಸರಿಯಬೇಕು? ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಕಂದಕ. ಗಾಯಗೊಂಡವರನ್ನು ಕೆಳಗಿಳಿಸುವುದಕ್ಕೂ ಇರುವುದು ಅದೇ ಒಂದು ದಾರಿ. ಅದು ಜೀಪುಗಳಿಂದ ಕಟ್ಟಿಕೊಂಡಿದ್ದರೆ ಕೆಳಗೆ ಆಂಬುಲೆನ್ಸ್ ಬಂದು ಕಾದಿದ್ದೂ ಪ್ರಯೋಜನವಿಲ್ಲ.

ಬಾಡಿಗೆ ಜೀಪುಗಳ ಜೊತೆಗೆ ಈಗ ನಗರದ ಸಾಹಸಿಗಳ ಹಾವಳಿಯೂ ಸೇರಿದೆ. ಫೋರ್ ವೀಲ್ ಡ್ರೈವ್ ಕೊಂಡದ್ದೇ ಅರ್ಹತೆ, ರೀಲ್ಸ್ ಮಾಡುವುದೇ ಗುರಿ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಸ್ಪಷ್ಟಪಡಿಸಿದ್ದರೂ ಎತ್ತರಿಸಿದ ಸಸ್ಪೆನ್ಷನ್, ಹೊರಚಾಚಿದ ದಪ್ಪ ಟೈರುಗಳ ಗಾಡಿಗಳು ಘಾಟಿ ಹತ್ತುತ್ತಲೇ ಇವೆ. ಜಾಡಿನಲ್ಲಿ ಕೆಸರು ತುಂಬಿದರೆ ಇವರು ಪಕ್ಕದ ಹುಲ್ಲುಗಾವಲಿಗೆ ಚಕ್ರ ಇಳಿಸುತ್ತಾರೆ. ಹಿಂದೆ ಬಂದವರು ಅದಕ್ಕೂ ಆಚೆ ಇಳಿಸುತ್ತಾರೆ. ಹುಲ್ಲಿನ ಬೇರು ಕಿತ್ತು ಬಂದ ಕಡೆ ಮಳೆನೀರು ಹರಿದು ಕೊರಕಲಾಗುತ್ತದೆ, ಮುಂದಿನ ಮಳೆಗಾಲಕ್ಕೆ ದಾರಿ ಮತ್ತಷ್ಟು ಅಪಾಯಕಾರಿಯಾಗುತ್ತದೆ.

2008ರ ‘ಗಾಳಿಪಟ’ ಚಿತ್ರದ ‘ಮುಗಿಲುಪೇಟೆ’ಯಾಗಿ ಮಾಂದಲ್‌ಪಟ್ಟಿ ಮನೆಮಾತಾಯಿತು. ಅದಾಗಿ ಹತ್ತು ವರ್ಷಕ್ಕೆ, 2018ರ ಆಗಸ್ಟ್‌ನಲ್ಲಿ, ಅದೇ ಸೀಮೆಯ ಮಕ್ಕಂದೂರು, ಕಾಲೂರು ಭಾಗಗಳಲ್ಲಿ ಗುಡ್ಡಗಳು ಕುಸಿದು ಊರುಗಳು ನಲುಗಿದವು. ಇಷ್ಟಾದರೂ ನಾವು ಪಾಠ ಕಲಿತಿಲ್ಲ. ಮಳೆ ಜೋರಾದಾಗ ನಿಷೇಧದ ಆದೇಶ ಹೊರಡುತ್ತದೆ, ಬಿಸಿಲು ಕಂಡ ಕೂಡಲೇ ಗೇಟು ತೆರೆಯುತ್ತದೆ. ಮಳೆ ನಿಂತ ಮಾತ್ರಕ್ಕೆ ನೀರುಂಡ ಮಣ್ಣು ಗಟ್ಟಿಯಾಗುವುದಿಲ್ಲ ಎಂಬುದು ಆದೇಶ ಹೊರಡಿಸುವವರಿಗೆ ತಿಳಿಯದ ಸಂಗತಿಯೇ?

ಮಿತಿ ಹೇರಿದರೆ ಸ್ಥಳೀಯ ಚಾಲಕರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ವಾದವಿದೆ. ಅದನ್ನು ತಳ್ಳಿಹಾಕಲಾಗದು, ಆದರೆ ಈಗಿನ ಪೈಪೋಟಿಯಲ್ಲಿ ಚಾಲಕರೇ ಮೊದಲ ಬಲಿಪಶು. ಸಾಲದ ಕಂತು ತುಂಬಲು ಒಂದು ಟ್ರಿಪ್ ಹೆಚ್ಚು ಹೊಡೆಯಬೇಕೆಂಬ ಧಾವಂತವೇ ವೇಗಕ್ಕೆ ಮೂಲ. ನಿಗದಿತ ದರ ಮತ್ತು ಸರದಿ ಪದ್ಧತಿ ಬಂದರೆ ದುಡಿಮೆಗೂ ಭದ್ರತೆ, ಜೀವಕ್ಕೂ ಭದ್ರತೆ.

ಅಧಿಕಾರವಿಲ್ಲ ಎಂಬ ನೆಪ ನಡೆಯದು. ಅಭಯಾರಣ್ಯದ ಪ್ರವೇಶಕ್ಕೆ ಷರತ್ತು ವಿಧಿಸುವ ಬಲವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಕೊಟ್ಟಿದೆ. ಮಾದರಿಗಳೂ ಕಣ್ಣೆದುರಿಗಿವೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಮುಗಿಬಿದ್ದ ಮೇಲೆ ಸರ್ಕಾರ ಚಾರಣವನ್ನು ತಡೆದು, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಮಂದಿಯ ಮಿತಿ ಹಾಕಿತು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಭಾಗಕ್ಕೆ ಬೆಳಿಗ್ಗೆ 600, ಮಧ್ಯಾಹ್ನ 600 ವಾಹನಗಳೆಂದು ಚಿಕ್ಕಮಗಳೂರು ಜಿಲ್ಲಾಡಳಿತ ಕಟ್ಟು ಮಾಡಿತು. ಡಾಂಬರು ರಸ್ತೆಗೇ ಲೆಕ್ಕ ಬೇಕಾದರೆ ಕೊರಕಲು ದಾರಿಗೆ ಬೇಡವೇ?

ಆಗಬೇಕಾದದ್ದು ಇಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಗಳು ವಾಹನಗಳಿಗೆ ಪೂರ್ಣ ಬಂದ್ ಆಗಲಿ. ಉಳಿದ ತಿಂಗಳಲ್ಲಿ ದಿನದ ಮಿತಿ ಇರಲಿ, ಏರುವುದಕ್ಕೂ ಇಳಿಯುವುದಕ್ಕೂ ಬೇರೆ ಬೇರೆ ಹೊತ್ತು ಗೊತ್ತಾಗಲಿ. ಎಫ್‌ಸಿ, ಪರ್ಮಿಟ್, ವಿಮೆ ಮತ್ತು ಬ್ರೇಕು ತಪಾಸಣೆ ಆಗದ ಒಂದು ಗಾಡಿಯೂ ಚೆಕ್‌ಪೋಸ್ಟ್ ದಾಟಕೂಡದು. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಸಿಕ್ಕಿಬಿದ್ದರೆ ಜಪ್ತಿಯಾಗಲಿ. ಟಿಕೆಟ್ ಹಣದ ಒಂದು ಪಾಲು ತುರ್ತು ರಕ್ಷಣಾ ವಾಹನಕ್ಕೆ, ಪ್ರಥಮ ಚಿಕಿತ್ಸೆಗೆ ಮೀಸಲಾಗಲಿ. ಮಿತಿ ಮೀರಿ ಗೇಟು ತೆರೆದ ದಿನ ಅನಾಹುತವಾದರೆ ಚಾಲಕನ ಜೊತೆಗೆ ಗೇಟು ತೆರೆಸಿದ ಅಧಿಕಾರಿಯ ಮೇಲೂ ಪ್ರಕರಣ ದಾಖಲಾಗಬೇಕು. ಇಷ್ಟನ್ನು ಮಾಡಲು ಜಿಲ್ಲಾಡಳಿತಕ್ಕೂ ಅರಣ್ಯ ಇಲಾಖೆಗೂ ಕೈಲಾಗದಿದ್ದರೆ ಟಿಕೆಟ್ ಹರಿಯುವ ನೈತಿಕ ಹಕ್ಕೂ ಅವಕ್ಕಿಲ್ಲ, ದಾರಿಗಳನ್ನು ಮುಚ್ಚಲಿ.