ಪೇಟೆಯ ಬಸ್ಸು ಹತ್ತಿಸುವ ಮೊದಲು



ಬರುವ ಜೂನ್ ತಿಂಗಳಲ್ಲಿ ಮಗುವನ್ನು ಒಂದನೆಯ ತರಗತಿಗೆ ಸೇರಿಸಲಿರುವ ಕಾಸರಗೋಡು, ಮಂಜೇಶ್ವರ ತಾಲೂಕುಗಳ ತಂದೆತಾಯಿಗಳನ್ನು ಉದ್ದೇಶಿಸಿ ಈ ಬರಹ. ತಾಳವಾಡಿ, ಅಕ್ಕಲಕೋಟೆ, ಜತ್ತದ ಬಂಧುಗಳಿಗೆ ಇದರಲ್ಲಿ ತಮ್ಮ ಊರಿನ ಸಂಗತಿಯೇ ಕಂಡರೆ ಆಶ್ಚರ್ಯವಿಲ್ಲ. ನಿಮ್ಮ ಮುಂದೆ ಎರಡು ದಾರಿಗಳಿವೆ. ನಡೆದೇ ಹೋಗಬಹುದಾದ ಊರಿನ ಕನ್ನಡ ಮಾಧ್ಯಮ ಶಾಲೆ ಒಂದು. ಮನೆಯ ಬಳಿಗೇ ಬಸ್ಸು ಕಳುಹಿಸುವ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆ ಇನ್ನೊಂದು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕನ್ನಡದಲ್ಲಿ ಎಂ.ಎ. ಮಾಡಿ, ಮೂರು ದಶಕ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು ನನ್ನ ಮಗನನ್ನು ಓದಿಸಿದ್ದು ಪೇಟೆಯ ಇಂಗ್ಲಿಷ್ ಮಾಧ್ಯಮದಲ್ಲಿ. "ಮಾಸ್ಟ್ರೇ, ನಿಮ್ಮ ಮಗನಿಗೆ ಬೇಡವಾದ ಶಾಲೆ ನನ್ನ ಮಗಳಿಗೆ ಯಾಕೆ?" ಎಂದು ನೆರೆಮನೆಯವರೊಬ್ಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಆ ಹುಡುಗಿಯೂ ಬಸ್ಸು ಹತ್ತಿದಳು. ಮಗ ಇಂದು ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ನಮ್ಮ ಶಾಲೆಯಲ್ಲೇ ಓದಿದ ಅವನ ಓರಗೆಯ ಹುಡುಗನೊಬ್ಬನೂ ಅಲ್ಲಿಯೇ ಅಂಥದೇ ಉದ್ಯೋಗದಲ್ಲಿದ್ದಾನೆ. ಇಬ್ಬರ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲವೆಂದು ಬಲ್ಲೆ. ಆದರೆ ಈ ಬರಹವನ್ನು ಆ ಹುಡುಗ ಓದಬಲ್ಲ. ನನ್ನ ಮಗನಿಗೆ ಅವನ ತಾಯಿ ಓದಿ ಹೇಳಬೇಕು.

ಪೇಟೆಯ ಶಾಲೆಗೆ ಅದರದೇ ಅನುಕೂಲಗಳಿವೆ, ಅವನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಅಲ್ಲಿ ತರಗತಿ ತುಂಬ ಮಕ್ಕಳಿರುತ್ತಾರೆ, ಸ್ಪರ್ಧೆಯಿರುತ್ತದೆ, ಇಂಗ್ಲಿಷ್ ಕಿವಿಗೆ ಬೀಳುತ್ತದೆ. ಊರಿನ ಶಾಲೆಯಲ್ಲಿ ಕೆಲವೊಮ್ಮೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಬೇಕಾಗುತ್ತದೆ. ಹತ್ತರ ಬಳಿಕ ಪ್ಲಸ್ ಟುವಿನಲ್ಲಿ ಇಂಗ್ಲಿಷ್ ಪಠ್ಯ ಎದುರಾದಾಗ ನಮ್ಮ ಮಕ್ಕಳಿಗೆ ಆ ಏರು ಕಷ್ಟದ್ದೇ. ಇದೆಲ್ಲ ನಿಜ.

ಆದರೆ ಆರು ವರ್ಷದ ಮಗುವಿನ ದಿನವನ್ನು ಒಮ್ಮೆ ನೋಡಿ. ಕಣ್ಣು ಪೂರ್ತಿ ತೆರೆಯುವ ಮುನ್ನವೇ ಅದು ಬಸ್ಸಿನಲ್ಲಿರುತ್ತದೆ. ತರಗತಿಯಲ್ಲಿ ಅರ್ಥವಾಗದ ಮಾತಿಗೆ ತಲೆಯಾಡಿಸಲು ಕಲಿಯುತ್ತದೆ, ಅರ್ಥವಾಗಲಿಲ್ಲವೆಂದು ಹೇಳಲು ಅದಕ್ಕೆ ಭಾಷೆಯಿಲ್ಲ. ಸಂಜೆ ಪುಸ್ತಕ ಬಿಚ್ಚಿದರೆ ತಾಯಿಗೂ ಅದು ಅಪರಿಚಿತ, ಆದ್ದರಿಂದ ಟ್ಯೂಷನ್. ಊರಿನ ಶಾಲೆಗೆ ಹೋಗುವ ಮಗುವಿನ ತಾಯಿಯಾದರೋ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಲೇ "ಎಲ್ಲಿ, ಇನ್ನೊಮ್ಮೆ ಓದು" ಎನ್ನಬಲ್ಲಳು, ತಪ್ಪಿದರೆ ತಿದ್ದಬಲ್ಲಳು. ಈ ಅಧಿಕಾರವನ್ನು ತಾಯಿಯ ಕೈಯಿಂದ ಕಸಿದುಕೊಳ್ಳುವುದಕ್ಕೆ ನಾವು ಶುಲ್ಕವನ್ನೂ ತೆರುತ್ತಿದ್ದೇವೆ.

"ಇಂಗ್ಲಿಷ್ ಬೇಡವೇ?" ಎಂದು ನೀವು ಕೇಳುತ್ತೀರಿ. ಖಂಡಿತ ಬೇಕು. ಕನ್ನಡ ಮಾಧ್ಯಮದಲ್ಲೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಪಾಠವಿದೆ. ಅದನ್ನು ಚೆನ್ನಾಗಿ ಕಲಿಸಿರೆಂದು ಅಧ್ಯಾಪಕರನ್ನು ಒತ್ತಾಯಿಸುವ ಹಕ್ಕು ನಿಮಗಿದೆ. ಇಂಗ್ಲಿಷನ್ನು ಕಲಿಯುವುದು ಬೇರೆ, ಗಣಿತವನ್ನೂ ಪರಿಸರವನ್ನೂ ಇಂಗ್ಲಿಷಿನ ಮೂಲಕ ಕಂಠಪಾಠ ಮಾಡುವುದು ಬೇರೆ.

"ನಮ್ಮ ಮನೆಮಾತು ತುಳು, ಕೊಂಕಣಿ, ಕನ್ನಡವೂ ಕಲಿತ ಭಾಷೆಯೇ ಅಲ್ಲವೇ?" ಎನ್ನುವವರೂ ಇದ್ದಾರೆ. ಈ ಪ್ರಶ್ನೆ ಗೌರವಕ್ಕೆ ಅರ್ಹವಾದುದು. ಆದರೆ ತುಳು ಮಾತನಾಡುವ ಮಗು ಆಟದಲ್ಲಿ, ಉತ್ಸವದಲ್ಲಿ, ಭಜನೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ ಕನ್ನಡವನ್ನು ಕೇಳಿಯೇ ಬೆಳೆದಿರುತ್ತದೆ. ಇದು ಕುಂಬಳೆಯ ಪಾರ್ತಿಸುಬ್ಬನ ನಾಡು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಕನ್ನಡ ಅವರಿಗೆ ಪರಕೀಯವಾಗಲಿಲ್ಲ, ಅವರಿಂದ ಕನ್ನಡವೂ ಬೆಳೆಯಿತು.

ಇನ್ನು ಕನ್ನಡವೇ ಬಾರದವರನ್ನು ಕನ್ನಡ ಮಾಧ್ಯಮದ ಹುದ್ದೆಗಳಿಗೆ ನೇಮಿಸಿದ ಅನ್ಯಾಯ. ಇದು ನಮ್ಮ ನಿಜವಾದ ಗಾಯ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ, ನಾವು ಕೇರಳಕ್ಕೆ ಸೇರಿದ ಆ ವರ್ಷವೇ, ಸೇರಿಸಲಾದ ವಿಧಿ ಅದು. ಅದನ್ನು ಕೇಳಲು ನಮಗೆ ಸಂಕೋಚ ಬೇಕಾಗಿಲ್ಲ. ಆದರೆ ಮಗುವನ್ನು ಪೇಟೆಗೆ ಕಳುಹಿಸಿದ ರಕ್ಷಕನು ಊರಿನ ಶಾಲೆಯ ಹುದ್ದೆಯ ಕುರಿತು ಮನವಿ ಹಿಡಿದು ಹೋದರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಯೇನೆಂದು ನಿಮಗೂ ಗೊತ್ತು.

ಹುದ್ದೆಗಳ ಲೆಕ್ಕ ಸರಳವಾದುದು, ಕ್ರೂರವೂ ಹೌದು. ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆಯೆಣಿಕೆ ನಡೆಯುತ್ತದೆ. ಅದರ ಮೇಲೆ ಆ ವರ್ಷದ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುತ್ತವೆ. ತರಗತಿಗೆ ಸರಾಸರಿ 15 ಮಕ್ಕಳಿಲ್ಲದ ಶಾಲೆ ಲಾಭಕರವಲ್ಲದ ಶಾಲೆಗಳ ಪಟ್ಟಿಗೆ ಸೇರುತ್ತದೆ. ನಾಲ್ಕು ಮಕ್ಕಳು ಬಸ್ಸು ಹತ್ತಿದರೆ ಒಂದು ಹುದ್ದೆ ಹೋದೀತು. ಹುದ್ದೆ ಹೋದಾಗ ಉಳಿದ ಮಕ್ಕಳ ಪಾಠ ಸೊರಗುತ್ತದೆ. ಪಾಠ ಸೊರಗಿತೆಂದು ಇನ್ನಷ್ಟು ಮಂದಿ ಬಸ್ಸು ಹತ್ತುತ್ತಾರೆ. ಮಹಾಜನ ವರದಿ ಜಾರಿಯಾಗಲಿಲ್ಲವೆಂದು 1967ರಿಂದ ನಾವು ದೆಹಲಿಯನ್ನು ದೂರುತ್ತಿದ್ದೇವೆ. ನ್ಯಾಯವಾದ ದೂರೇ. ಆದರೆ ಜೂನ್ ತಿಂಗಳ ಆ ಎಣಿಕೆಯಲ್ಲಿ ನಮ್ಮ ಮಗುವನ್ನು ಕಡಿಮೆ ಮಾಡಿದವರು ದೆಹಲಿಯವರಲ್ಲ.

ಪ್ರಾಥಮಿಕ ಹಂತದ ಶಿಕ್ಷಣ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಹೆತ್ತವರದು ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿದೆ. ಆಯ್ಕೆ ನಿಮ್ಮದಾದ ಮೇಲೆ ಹೊಣೆಯೂ ನಿಮ್ಮದೇ.

ಭಾಷಾಭಿಮಾನಕ್ಕಾಗಿ ಮಗುವನ್ನು ಬಲಿಕೊಡಿರೆಂದು ನಾನು ಹೇಳುತ್ತಿಲ್ಲ. ಜೂನ್ ಬರುವ ಮೊದಲು ಎರಡೂ ಶಾಲೆಗಳಿಗೆ ಹೋಗಿ, ಒಂದನೆಯ ತರಗತಿಯಲ್ಲಿ ಒಂದು ಗಂಟೆ ಕುಳಿತು ಬನ್ನಿ. ಕಟ್ಟಡವನ್ನು, ಸಮವಸ್ತ್ರವನ್ನು ನೋಡಬೇಡಿ. ಮಕ್ಕಳಲ್ಲಿ ಎಷ್ಟು ಮಂದಿ ತಾವಾಗಿಯೇ ಪ್ರಶ್ನೆ ಕೇಳುತ್ತಾರೆಂದು ಎಣಿಸಿ. ಊರಿನ ಶಾಲೆಯಲ್ಲಿ ಕೊರತೆ ಕಂಡರೆ ಮಗುವನ್ನು ಅಲ್ಲಿಯೇ ಸೇರಿಸಿ, ರಕ್ಷಕ-ಶಿಕ್ಷಕ ಸಂಘದ ಮೊದಲ ಸಭೆಯಲ್ಲಿ ಎದ್ದು ನಿಂತು ಕೇಳಿ. ನೆರೆಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನನ್ನ ನೆರೆಮನೆಯ ಆ ಹುಡುಗಿ ಈಗ ತಾಯಿಯಾಗಿದ್ದಾಳೆ, ಅವಳ ಮಗಳಿಗೆ ಐದು ತುಂಬಿದೆ. ಯಾವ ಶಾಲೆಯೆಂದು ಮೊನ್ನೆ ಅವಳು ನನ್ನನ್ನೇ ಕೇಳಿದಳು. ಅಂದು ಅವಳ ತಂದೆಗೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

— ನಿವೃತ್ತ ಮುಖ್ಯೋಪಾಧ್ಯಾಯ, ಕಾಸರಗೋಡು