ಕಡಲೆ ಬೇಯದಿದ್ದರೆ ತಪ್ಪು ಯಾರದು?

"ಕಡಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ." ಅಡುಗೆ ಪುಸ್ತಕವೇ ಇರಲಿ, ಯೂಟ್ಯೂಬ್ ಚಾನೆಲ್ಲೇ ಇರಲಿ, ಮಾತು ಇಷ್ಟಕ್ಕೇ ಮುಗಿಯುತ್ತದೆ. ಯಾವ ಕಡಲೆ? ಕಂದು ಬಣ್ಣದ ನಾಟಿ ಕಾಳೋ, ಬಿಳಿಯ ಕಾಬೂಲಿಯೋ? ಈ ಸುಗ್ಗಿಯದೋ, ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದು ಬಂದದ್ದೋ? ಅದನ್ನು ಯಾರೂ ಹೇಳುವುದಿಲ್ಲ. ನಾಲ್ಕರ ಬದಲು ಹತ್ತು ಕೂಗು ಆದಮೇಲೂ ಕಾಳು ಹಲ್ಲಿಗೆ ಬಗ್ಗದಿದ್ದರೆ ಊಟಕ್ಕೆ ಕೂತವರು ನೋಡುವುದು ಅಡುಗೆ ಮಾಡಿದವರ ಮುಖವನ್ನು. ಇದು ಅನ್ಯಾಯ. ಬಹಳಷ್ಟು ಸಲ ತಪ್ಪು ಇರುವುದು ಪೊಟ್ಟಣದೊಳಗೆ, ಮತ್ತು ಪೊಟ್ಟಣದ ಮೇಲೆ ಬರೆಯದೆ ಬಿಟ್ಟ ಮಾಹಿತಿಯಲ್ಲಿ.

ಸಸ್ಯವಿಜ್ಞಾನದ ಲೆಕ್ಕದಲ್ಲಿ ಎಲ್ಲ ಕಡಲೆಯೂ ಒಂದೇ ಜಾತಿ, ಸೈಸರ್ ಏರಿಯೆಟಿನಮ್. ಇದರ ಕಾಡು ಮೂಲ ಇಂದಿಗೂ ಟರ್ಕಿಯ ಆಗ್ನೇಯ ಭಾಗದ ಗುಡ್ಡಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ಹೊರಟ ಕಾಳು ಸಾವಿರಾರು ವರ್ಷಗಳ ಹಿಂದೆಯೇ ಭಾರತ ಉಪಖಂಡಕ್ಕೆ ಬಂದು ನೆಲೆನಿಂತಿತು. ಇಂದು ಜಗತ್ತಿನ ಕಡಲೆಯಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚನ್ನು ಬೆಳೆಯುವುದು ಭಾರತವೇ. ಹೀಗೆ ಬೆಳೆದದ್ದರಲ್ಲಿ ಬಹುಪಾಲು ದೇಸಿ ಕಡಲೆ: ಸಣ್ಣ ಗಾತ್ರ, ಮೂಲೆ ಮೂಲೆಯ ಆಕಾರ, ದಪ್ಪ ಸಿಪ್ಪೆ. ದುಂಡಗೆ, ದಪ್ಪಗೆ, ಕೆನೆಬಣ್ಣಕ್ಕಿರುವ ಕಾಬೂಲಿ ಹೆಸರೇ ಹೇಳುವಂತೆ ಅಫ್ಘಾನಿಸ್ತಾನದ ದಾರಿಯಿಂದ ತಡವಾಗಿ ಬಂದದ್ದು. ದೇಸಿ ಕಾಳಿನ ತೂಕದಲ್ಲಿ ಸಿಪ್ಪೆಯ ಪಾಲು ಹೆಚ್ಚುಕಡಿಮೆ ಶೇ 14-15, ಕಾಬೂಲಿಯಲ್ಲಿ ಶೇ 5ರ ಆಸುಪಾಸು. ಅಡುಗೆಮನೆಯಲ್ಲಿ ಇವೆರಡೂ ಬೇರೆ ಬೇರೆಯಾಗಿ ವರ್ತಿಸುವುದಕ್ಕೆ ಮುಖ್ಯ ಕಾರಣ ಈ ಸಿಪ್ಪೆ. ಕಾಬೂಲಿ ಬೇಗ ನೀರು ಹೀರಿ ಉಬ್ಬುತ್ತದೆ, ಬೆಂದಮೇಲೆ ಬೆಣ್ಣೆಯಾಗುತ್ತದೆ. ದೇಸಿ ಕಾಳು ನಿಧಾನ, ಆದರೆ ಎಷ್ಟು ಕುದಿಸಿದರೂ ತನ್ನ ಆಕಾರ ಬಿಡುವುದಿಲ್ಲ. ಅದರ ಸಿಪ್ಪೆಯಿಂದ ನೀರಿಗಿಳಿಯುವ ಕಂದು ರಸಕ್ಕೂ ಒಂದು ರುಚಿಯಿದೆ.

ಕರಾವಳಿಯ ಗುಜ್ಜೆ-ಕಡ್ಲೆಯನ್ನೇ ನೋಡಿ. ಎಳೆ ಹಲಸಿನ ತೊಳೆ, ತೆಂಗಿನಕಾಯಿ, ಹುರಿದ ಮಸಾಲೆಯ ನಡುವೆ ಕಂದು ಕಡಲೆ ಗಟ್ಟಿಯಾಗಿ ನಿಂತು ಹಲ್ಲಿಗೆ ಕೆಲಸ ಕೊಡಬೇಕು. ಅಲ್ಲಿ ಕಾಬೂಲಿ ಹಾಕಿದರೆ ಅದೂ ಮೆತ್ತಗೆ, ಗುಜ್ಜೆಯೂ ಮೆತ್ತಗೆ. ಮದುವೆ ಊಟಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ ಹುಳಿಗೂ ಗಸಿಗೂ ಬಿಳಿ ಕಾಳು ಸುರಿಯುತ್ತಿರುವುದು ಅಡುಗೆಗೆ ಮಾಡುವ ಅವಮಾನವೇ ಸರಿ. ಕೇರಳದವರು ಪುಟ್ಟಿನ ಜೊತೆ ಕಂದು ಕಡಲೆಯ ಕರಿಯನ್ನು ಬಿಟ್ಟುಕೊಟ್ಟಿಲ್ಲ. ತಮಿಳುನಾಡಿನ ನವರಾತ್ರಿಯ ಸುಂಡಲ್, ನಮ್ಮ ಉಸಲಿ, ಕೊಲಂಬೊದ ರಸ್ತೆಬದಿಯಲ್ಲಿ ತೆಂಗಿನ ಚೂರು, ಒಣಮೆಣಸು ಬೆರೆಸಿ ಕೊಡುವ ಕಡಲ, ಢಾಕಾದಲ್ಲಿ ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಮಂಡಕ್ಕಿಯೊಂದಿಗೆ ಬರುವ ಛೋಲಾ, ಎಲ್ಲವೂ ಇದೇ ಚಿಕ್ಕ ಕಾಳಿನ ಬಲದ ಮೇಲೆ ನಿಂತಿವೆ. ಪಂಜಾಬಿನ ಛೋಲೆಯದು ಬೇರೆ ದಾರಿ. ಅಲ್ಲಿ ಕಾಬೂಲಿಯೇ ಬೇಕು, ಕಾಳು ಮಸಾಲೆಯೊಳಗೆ ಕರಗುವ ಹಂತಕ್ಕೆ ಬರಬೇಕು. ಬಿಳಿ ಕಾಳಿಗೆ ಕಪ್ಪು ಬಣ್ಣ ಬರಲೆಂದು ಚಹಾಪುಡಿಯ ಗಂಟನ್ನೋ ಒಣ ನೆಲ್ಲಿಕಾಯಿಯನ್ನೋ ಹಾಕಿ ಬೇಯಿಸುವ ರೂಢಿಯೂ ಅಲ್ಲಿದೆ.

ಕರ್ನಾಟಕದಲ್ಲಿ ಈ ಬೆಳೆಯ ತವರು ಕಲಬುರಗಿ, ವಿಜಯಪುರ, ಗದಗ, ಧಾರವಾಡದ ಎರೆ ಹೊಲಗಳು. ಮಳೆಗಾಲ ಹಿಂದೆ ಸರಿದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿ ಬಿತ್ತುತ್ತಾರೆ. ಗಿಡ ಗೇಣೆತ್ತರ ಆಗುವ ಹೊತ್ತಿಗೆ ಕುಡಿ ಚಿವುಟುತ್ತಾರೆ. ಅದರಿಂದ ಗಿಡ ಹೆಚ್ಚು ಟಿಸಿಲೊಡೆಯುತ್ತದೆ, ಚಿವುಟಿದ ಕುಡಿ ಮನೆಯಲ್ಲಿ ಪಲ್ಯವಾಗುತ್ತದೆ. ಆ ಸೊಪ್ಪು ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲವನ್ನು ಒಸರುತ್ತವೆ. ಬೆಳಗಿನ ಇಬ್ಬನಿಯಲ್ಲಿ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆಂದು ಎತ್ತಿಡುವ ಪದ್ಧತಿಯೂ ಇತ್ತು. ಕಾಯಿ ಬಲಿಯುವ ಮುಂಚೆ ಗಿಡ ಕಿತ್ತು, ಹೊಲದಲ್ಲೇ ಬೆಂಕಿ ಹಾಕಿ ಸುಟ್ಟರೆ ಸುಲಗಾಯಿ. ಹೊಗೆವಾಸನೆಯ ಆ ಹಸಿರು ಕಾಳಿನ ರುಚಿಯನ್ನು ಯಾವ ಅಂಗಡಿಯೂ ಪೊಟ್ಟಣ ಕಟ್ಟಿ ಕೊಡಲಾರದು.

ಒಣಗಿದ ಕಾಳು ಗಿರಣಿಗೆ ಹೋದರೆ ಮತ್ತೊಂದು ಸಂಸಾರ. ಸಿಪ್ಪೆ ತೆಗೆದು ಒಡೆದರೆ ಕಡಲೆಬೇಳೆ. ಉತ್ತರ ಕರ್ನಾಟಕದ ಹೋಳಿಗೆ ನಿಂತಿರುವುದು ಇದರ ಮೇಲೆ, ಮೈಸೂರು ಕಡೆಯ ಒಬ್ಬಟ್ಟಿಗೆ ತೊಗರಿಬೇಳೆ ಹೆಚ್ಚು ರೂಢಿ. ಹೂರಣಕ್ಕೆ ಬೇಳೆ ಬೇಯಿಸುವಾಗಿನ ಹದ ಬಹಳ ಸೂಕ್ಷ್ಮ. ಎರಡು ಬೆರಳಿನ ನಡುವೆ ಒತ್ತಿದರೆ ನುಣ್ಣಗಾಗಬೇಕು, ಪಾತ್ರೆಯೊಳಗೆ ಮಾತ್ರ ಬೇಳೆ ಬೇಳೆಯಾಗಿಯೇ ಕಾಣಬೇಕು. ಒಂದು ಕುದಿ ಹೆಚ್ಚಾಗಿ ಬೇಳೆ ಕರಗಿತೆಂದರೆ ಬೆಲ್ಲ ಬಿದ್ದೊಡನೆ ಹೂರಣ ನೀರಾಗುತ್ತದೆ, ಲಟ್ಟಿಸುವಾಗ ಕಣಕ ಹರಿಯುತ್ತದೆ. ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆಹುಳಿ, ಕೊಬ್ಬರಿ-ಮಸಾಲೆ ಬಿದ್ದರೆ ಕಟ್ಟಿನ ಸಾರು. ಹಬ್ಬದ ಮರುದಿನ ಹೋಳಿಗೆ ಉಳಿಯದಿದ್ದರೂ ಪರವಾಗಿಲ್ಲ, ಸಾರು ಉಳಿದಿರಬೇಕು ಎನ್ನುವ ಮನೆಗಳುಂಟು. ಇದೇ ಬೇಳೆಯನ್ನು ಬಂಗಾಳಿಗಳು ತೆಂಗಿನ ಚೂರು ಹಾಕಿ, ತುಸು ಸಿಹಿಯಾಗಿ ಛೋಲಾರ್ ದಾಲ್ ಮಾಡಿ ಲೂಚಿಯೊಂದಿಗೆ ತಿನ್ನುತ್ತಾರೆ.

ಕಾಳಿಗೆ ನೀರು ತೋರಿಸಿ, ಭಟ್ಟಿಯಲ್ಲಿ ಕಾದ ಮರಳಿನೊಂದಿಗೆ ಹುರಿದು, ಉಜ್ಜಿ ಸಿಪ್ಪೆ ಬಿಡಿಸಿದರೆ ಹುರಿಗಡಲೆ, ಧಾರವಾಡದವರ ಬಾಯಲ್ಲಿ ಪುಟಾಣಿ. ಅದು ಆಗಲೇ ಬೆಂದ ಕಾಳು. ಅದಕ್ಕೇ ಇಡ್ಲಿಯ ಚಟ್ನಿಗೆ ಹಾಗೆಯೇ ರುಬ್ಬಬಹುದು, ಗಿರ್ಮಿಟ್‌ಗೆ ಅದರ ಹಿಟ್ಟು ಉದುರಿಸಬಹುದು. ಬಿಹಾರದ ಸತ್ತು ಕೂಡ ಹುರಿದ ಕಡಲೆಯ ಹಿಟ್ಟೇ, ನೀರಿಗೆ ಕಲಸಿ ಕುಡಿದರೆ ಬೇಸಿಗೆಯ ಮಧ್ಯಾಹ್ನಕ್ಕೆ ಅದೇ ಊಟ. ಕಡಲೆಹಿಟ್ಟು ಹಾಗಲ್ಲ, ಅದು ಹಸಿಬೇಳೆಯ ಹಿಟ್ಟು. ದಾವಣಗೆರೆಯ ಮೆಣಸಿನಕಾಯಿ ಬಜ್ಜಿಯಾಗಲಿ, ಜುಣಕವಾಗಲಿ, ಮೈಸೂರು ಪಾಕವಾಗಲಿ, ಹಸಿವಾಸನೆ ಹೋಗುವಷ್ಟು ಬೆಂಕಿ ಕಾಣದಿದ್ದರೆ ಬಾಯಲ್ಲಿ ಕಹಿ ಉಳಿಯುತ್ತದೆ. ಪುಟಾಣಿ ಹಿಟ್ಟು, ಕಡಲೆಹಿಟ್ಟು ಒಂದರ ಬದಲಿಗೆ ಇನ್ನೊಂದು ನಡೆಯುತ್ತದೆ ಎಂದು ಬರೆಯುವ ಪಾಕವಿಧಾನಗಳನ್ನು ನಂಬಬಾರದು.

ಇಷ್ಟೆಲ್ಲ ಗೊತ್ತಿದ್ದೂ ಕಾಳು ಬೇಯುವುದಿಲ್ಲ ಏಕೆ? ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದು ಕರಗಿದರೆ ಕಾಳು ಮೆತ್ತಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಆ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹುಣಸೆಹುಳಿ, ಟೊಮೆಟೊ ಮೊದಲೇ ಬಿದ್ದರೂ ಅದೇ ಕತೆ, ಆದ್ದರಿಂದ ಹುಳಿ ಯಾವಾಗಲೂ ಕಾಳು ಬೆಂದಮೇಲೆಯೇ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಬೇಯುವುದು ಸಲೀಸು. ಉಪ್ಪಿನಿಂದ ಕಾಳು ಗಟ್ಟಿಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಡುಗೆಸೋಡಾ ಬೇಗ ಬೇಯಿಸುತ್ತದೆ ನಿಜ, ಆದರೆ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ, ಹೆಚ್ಚಾದರೆ ಸಾಬೂನಿನ ವಾಸನೆ. ಇಷ್ಟು ಮಾಡಿಯೂ ಬೇಯದ ಕಾಳು ಹಳೆಯ ಕಾಳು. ಸೆಕೆಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಕೂತ ಕಡಲೆಯ ಒಳಗಿನ ರಚನೆಯೇ ಬದಲಾಗುತ್ತದೆ. ಅದನ್ನು ಯಾವ ಕುಕ್ಕರೂ ಪೂರ್ತಿ ಸರಿಮಾಡಲಾರದು.

ಪೊಟ್ಟಣದ ಮೇಲೆ ಕಾನೂನು ಕೇಳುವುದು ಪ್ಯಾಕ್ ಮಾಡಿದ ತಿಂಗಳು ಮತ್ತು ವರ್ಷವನ್ನು. ಕೊಯ್ಲಿನ ವರ್ಷವನ್ನಲ್ಲ. ಎರಡು ವರ್ಷ ಗೋದಾಮಿನಲ್ಲಿದ್ದ ಕಾಳನ್ನು ಮೊನ್ನೆ ಪೊಟ್ಟಣಕ್ಕೆ ತುಂಬಿದರೆ ಅದು ಕಾಗದದ ಮೇಲೆ ಹೊಸ ಕಾಳು. ಇದು ಬದಲಾಗಬೇಕು. ಆಗದ ಕೆಲಸ ಎನ್ನುವವರು ಅಕ್ಕಿ ಅಂಗಡಿಗೆ ಹೋಗಿ ನೋಡಲಿ. ಅಲ್ಲಿ ಸೋನಾ ಮಸೂರಿ ಹೊಸದೋ ಹಳೆಯದೋ ಎಂದು ಗಿರಾಕಿ ಕೇಳುತ್ತಾನೆ, ವ್ಯಾಪಾರಿ ಹೇಳುತ್ತಾನೆ, ಅದರ ಮೇಲೆಯೇ ದರ ನಿಲ್ಲುತ್ತದೆ. ಅಕ್ಕಿಗೆ ಸಾಧ್ಯವಾದದ್ದು ಕಡಲೆಗೆ ಏಕೆ ಸಾಧ್ಯವಿಲ್ಲ?

ವರ್ಷದ ಜೊತೆಗೆ ತಳಿಯ ಹೆಸರೂ ಬರಲಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿ ತನ್ನ ಹೆಸರನ್ನೇ ಒಂದು ಕಡಲೆಗೆ ಕೊಟ್ಟ ಊರು. ಅಣ್ಣಿಗೇರಿ-1 ದಶಕಗಳ ಕಾಲ ಈ ಎರೆ ನೆಲವನ್ನು ಆಳಿತು. ಸೊರಗು ರೋಗ ಕಾಡಿದಾಗ ಅದನ್ನು ತಡೆಯಬಲ್ಲ ಜೆಜಿ-11ರಂಥ ತಳಿಗಳು ಮುಂದೆ ಬಂದವು. ಆಮೇಲೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಸೇರಿ, ಹಳೆಯ ಅಣ್ಣಿಗೇರಿಗೇ ರೋಗನಿರೋಧಕ ಗುಣ ಕೂಡಿಸಿ 'ಸೂಪರ್ ಅಣ್ಣಿಗೇರಿ-1' ತಂದವು. ಇಷ್ಟು ದೊಡ್ಡ ಕೆಲಸ ನಡೆದದ್ದು ಕೊಳ್ಳುವವರಿಗೆ ತಿಳಿದೇ ಇಲ್ಲ, ಏಕೆಂದರೆ ಅಂಗಡಿಯಲ್ಲಿ ಎಲ್ಲವೂ ಬರೀ ಕಡಲೆ. 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕ್ವಿಂಟಲ್‌ಗೆ 5,650 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಅದು ತಳಿಯ ರುಚಿಯನ್ನು ಅಳೆಯುವ ಬೆಲೆಯಲ್ಲ. ಹೆಸರು ಹಿಡಿದು ಕೇಳುವ ಗಿರಾಕಿ ಇದ್ದರೆ ಮಾತ್ರ ರೈತನಿಗೆ ಒಳ್ಳೆಯ ತಳಿ ಬೆಳೆದದ್ದರ ಲಾಭ ಸಿಗುತ್ತದೆ.

ಹಿಟ್ಟಿನ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ಹಳದಿ ಬಟಾಣಿಯ ಮೇಲಿನ ಆಮದು ಸುಂಕ ತೆಗೆದ ಮೇಲೆ ವಿದೇಶಿ ಬಟಾಣಿ ಹಡಗುಗಟ್ಟಲೆ ಬಂದಿಳಿಯಿತು. ಬಟಾಣಿ ಹಿಟ್ಟು ಕಡಲೆಹಿಟ್ಟಿಗಿಂತ ಅಗ್ಗ, ಬಣ್ಣದಲ್ಲಿ ಹತ್ತಿರ. ಬೆರೆಸಿದ್ದನ್ನು ಬೆರೆಸಿದ್ದು ಎಂದು ಬರೆದು ಮಾರಿದರೆ ತಕರಾರಿಲ್ಲ. ಬರೆಯದೆ ಮಾರಿದರೆ ಮೋಸ ಹೋಗುವವರು ಇಬ್ಬರು: ಬಜ್ಜಿ ಕರಿಯುವವರು ಮತ್ತು ಗದಗಿನ ಹೊಲದಲ್ಲಿ ಕಡಲೆ ಬಿತ್ತಿದವರು.

ಹೊಸ ಕಡಲೆ ನಮ್ಮ ಎಪಿಎಂಸಿಗಳಿಗೆ ಬರುವುದು ಫೆಬ್ರವರಿ-ಮಾರ್ಚಿನ ಹೊತ್ತಿಗೆ. ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಆ ತಿಂಗಳುಗಳಲ್ಲಿ ಆರೇಳು ತಿಂಗಳಿಗಾಗುವಷ್ಟು ಕಾಳು ಕೊಂಡು, ಎರಡು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿ ಇಟ್ಟುಕೊಳ್ಳಬಹುದು. ಉಳಿದ ತಿಂಗಳುಗಳಲ್ಲಿ ಅಂಗಡಿಗೆ ಹೋದಾಗ ಅರ್ಧ ಕಿಲೋ ಮಾತ್ರ ಕೊಂಡು, ಒಂದು ಹಿಡಿ ನೆನೆಸಿ ನೋಡಿ, ಬೆಳಗಾಗುವಷ್ಟರಲ್ಲಿ ಎರಡರಷ್ಟು ಉಬ್ಬದ ಕಾಳನ್ನು ವಾಪಸು ಒಯ್ದು ಕೊಟ್ಟು, ಇದು ಯಾವ ಸುಗ್ಗಿಯದು, ಯಾವ ತಳಿ ಎಂದು ಕೇಳಬಹುದು. ಹತ್ತು ಜನ ಕೇಳಿದರೆ ಅಂಗಡಿಯವರು ಗಿರಣಿಯವರನ್ನು ಕೇಳುತ್ತಾರೆ.